ಹೃದಯದ ಸೋಡಿಯಂ ಬಾಗಿಲು: ಒಂದೇ ಜೀನಿನ ಎರಡು ಬಗೆಯ ತಪ್ಪು

ಕಾರವಾರದಲ್ಲಿ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಿದೆ.

ಇಸಿಜಿ ಕಾಗದ ಈಗ ಹೆಚ್ಚಿನವರ ಮನೆಯ ಫೈಲಿನಲ್ಲಿ ಒಂದಾದರೂ ಇರುತ್ತದೆ. ತೆಗೆದು ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಚೌಕಗಳಿವೆ, ಒಂದೊಂದೂ 1 ಮಿಲಿಮೀಟರು. ಕಾಗದ ಸೆಕೆಂಡಿಗೆ 25 ಮಿಲಿಮೀಟರಿನಂತೆ ಓಡುವುದರಿಂದ ಒಂದು ಚೌಕ ಅಂದರೆ 40 ಮಿಲಿಸೆಕೆಂಡು. ಚೌಕಗಳ ನಡುವೆ ಮುಳ್ಳಿನಂತೆ ಎದ್ದು ಬೀಳುವ ಗೆರೆಗೆ ಕ್ಯೂಆರ್‌ಎಸ್ ಎನ್ನುತ್ತಾರೆ. ಹೃದಯದ ಕೆಳಗಿನ ಎರಡು ಕೋಣೆಗಳಿಗೆ, ಅಂದರೆ ಹೃತ್ಕುಕ್ಷಿಗಳಿಗೆ, ವಿದ್ಯುತ್ತು ಹರಡುವ ಹೊತ್ತು ಅದು. ಸಾಮಾನ್ಯವಾಗಿ ಎರಡೂವರೆ ಚೌಕದೊಳಗೆ ಮುಗಿಯುತ್ತದೆ. ಮೂರು ಚೌಕ, 120 ಮಿಲಿಸೆಕೆಂಡು ಮುಟ್ಟಿತೆಂದರೆ ಹರಿವು ಎಲ್ಲೋ ತಡವರಿಸುತ್ತಿದೆ ಎಂದರ್ಥ. ಆ ಮುಳ್ಳು ಅಷ್ಟು ಚೂಪಾಗಿರುವುದಕ್ಕೆ ಮುಖ್ಯ ಕಾರಣ ಒಂದು ಪ್ರೋಟೀನು. ಹೃದಯದ ಕೋಶದೊಳಗೆ ಸೋಡಿಯಂ ಬಿಡುವ ಬಾಗಿಲು, ಅಂದರೆ ಚಾನೆಲ್, ಅದೇ. ಹೆಸರು ಎನ್‌ಎವಿ1.5. ಅದರ ನಕ್ಷೆ ಇರುವ ಜೀನು ಎಸ್‌ಸಿಎನ್5ಎ.

ಈ ಹೊತ್ತಿನ ಮಾತೆಲ್ಲ ಆ ಜೀನಿನ ಸುತ್ತ. ವಿಚಿತ್ರವೆಂದರೆ ಅದು ಒಂದೇ ಬಗೆಯಲ್ಲಿ ಕೆಡುವುದಿಲ್ಲ. ಕೆಲವರಲ್ಲಿ ಬಾಗಿಲು ಸರಿಯಾಗಿ ತೆರೆಯುವುದಿಲ್ಲ, ಕೆಲವರಲ್ಲಿ ಸರಿಯಾಗಿ ಮುಚ್ಚುವುದಿಲ್ಲ, ಒಂದೊಂದು ಕುಟುಂಬದಲ್ಲಿ ಎರಡೂ. ಹೀಗಾಗಿ ‘ಜೀನಿನಲ್ಲಿ ದೋಷ ಇದೆ’ ಎಂಬ ವರದಿಯಿಂದ ಅರ್ಧ ವಿಷಯವೂ ತಿಳಿಯುವುದಿಲ್ಲ.

ಗಜನಿಯ ಬಾಗಿಲು, ಹೃದಯದ ಬಾಗಿಲು

ಅಘನಾಶಿನಿಯ ದಡದ ಗಜನಿ ಗದ್ದೆಗಳನ್ನು ಕಂಡವರಿಗೆ ಈ ಭಾಗ ಸುಲಭ. ಕಗ್ಗ ಭತ್ತ ಬೆಳೆಯುವ ಆ ಗದ್ದೆಗಳಿಗೆ ಕಟ್ಟೆ ಇದೆ, ಕಟ್ಟೆಯಲ್ಲಿ ಜಂತ್ರಡಿ, ಅಂದರೆ ಹಲಗೆಯ ತೂಬು ಇದೆ. ಹೊರಗೆ ಭರತದ ನೀರು ಒತ್ತುತ್ತಿರುತ್ತದೆ. ಹಲಗೆ ಎತ್ತಿದರೆ ನೀರನ್ನು ಯಾರೂ ತಳ್ಳಬೇಕಾಗಿಲ್ಲ, ತಾನೇ ನುಗ್ಗುತ್ತದೆ.

ಹೃದಯದ ಜೀವಕೋಶದ ಹೊರಗೆ ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಒಳಗೆ 10ರ ಆಸುಪಾಸು. ಜೊತೆಗೆ ಕೋಶದ ಒಳಭಾಗ ಹೊರಗಿಗಿಂತ 85ರಿಂದ 90 ಮಿಲಿವೋಲ್ಟ್ ಋಣ. ಧನ ವಿದ್ಯುದಂಶದ ಸೋಡಿಯಮ್ಮಿಗೆ ಒಳಗೆ ಬರಲು ಎರಡೂ ಕಡೆಯಿಂದ ಒತ್ತಡ. ಪಕ್ಕದ ಕೋಶದಿಂದ ಸಣ್ಣ ತಟ್ಟು ಬಂದೊಡನೆ ಬಾಗಿಲು ತೆರೆಯುತ್ತದೆ, ಒಂದೆರಡು ಮಿಲಿಸೆಕೆಂಡಿನಲ್ಲಿ ಒಳಗಿನ ವೋಲ್ಟೇಜು ಸೊನ್ನೆ ದಾಟಿ ಧನದ ಕಡೆಗೆ ಹಾರುತ್ತದೆ. ಆ ಹಾರಿಕೆ ಎಷ್ಟು ಕಡಿದಾಗಿದೆಯೋ ಅಷ್ಟು ವೇಗವಾಗಿ ಮುಂದಿನ ಕೋಶಕ್ಕೆ ತಟ್ಟು ಮುಟ್ಟುತ್ತದೆ.

ಜಂತ್ರಡಿಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಗದ್ದೆಯ ಬಾಗಿಲನ್ನು ಎತ್ತಿದ ಹಲಗೆಯನ್ನೇ ಇಳಿಸಿ ಮುಚ್ಚುತ್ತಾರೆ. ಹೃದಯದ ಸೋಡಿಯಂ ಚಾನೆಲ್ ಹಾಗಲ್ಲ, ಅದಕ್ಕೆ ತೆರೆಯುವ ಬಾಗಿಲು ಬೇರೆ, ಮುಚ್ಚುವ ಬೆಣೆ ಬೇರೆ. ತೆರೆದ ಕೆಲವೇ ಮಿಲಿಸೆಕೆಂಡಿನಲ್ಲಿ ಒಳಗಿನಿಂದ ಬೆಣೆ ಬಂದು ಕೂರುತ್ತದೆ. ಕೋಶ ಮತ್ತೆ ವಿಶ್ರಾಂತಿಯ ವೋಲ್ಟೇಜಿಗೆ ಇಳಿಯುವ ತನಕ ಆ ಬೆಣೆ ಕದಲುವುದಿಲ್ಲ, ಯಾರು ತಟ್ಟಿದರೂ ಬಾಗಿಲು ತೆರೆಯುವುದಿಲ್ಲ. ಒಂದು ಬಡಿತ ಮುಗಿಯುವ ಮೊದಲು ಇನ್ನೊಂದು ಮೇಲೇರಿ ಬಾರದಂತೆ ಕಾಯುವುದು ಇದೇ ಬೆಣೆ.

ಈ ಪ್ರೋಟೀನಿನ ಸರಪಳಿಯಲ್ಲಿ 2016 ಅಮೈನೋ ಆಮ್ಲಗಳು. ಸರಪಳಿ ನಾಲ್ಕು ಭಾಗವಾಗಿ ಮಡಚಿದೆ, ಪ್ರತಿ ಭಾಗವೂ ಕೋಶದ ಪೊರೆಯನ್ನು ಆರು ಸಲ ದಾಟುತ್ತದೆ. ನಾಲ್ಕು ಭಾಗ ದುಂಡಗೆ ಕೂತು ನಡುವೆ ತೂತು ಬಿಡುತ್ತವೆ. ಪ್ರತಿ ಭಾಗದ ನಾಲ್ಕನೆಯ ದಾಟು ವೋಲ್ಟೇಜಿನ ಕಾವಲುಗಾರ. ಅದರಲ್ಲಿ ಮೂರಕ್ಕೊಂದರಂತೆ ಧನ ವಿದ್ಯುದಂಶದ ಅಮೈನೋ ಆಮ್ಲ ಇದೆ, ವೋಲ್ಟೇಜು ಬದಲಾದೊಡನೆ ಅದು ಹೊರಮುಖವಾಗಿ ಸರಿದು ಬಾಗಿಲೆಳೆಯುತ್ತದೆ. ಮೂರನೆಯ ಮತ್ತು ನಾಲ್ಕನೆಯ ಭಾಗವನ್ನು ಜೋಡಿಸುವ ಎಳೆಯಲ್ಲಿದೆ ಬೆಣೆ: ಐಸೊಲ್ಯೂಸಿನ್, ಫಿನೈಲ್‌ಅಲನಿನ್, ಮಿಥಿಯೊನಿನ್. ಎರಡು ಸಾವಿರದಲ್ಲಿ ಮೂರು. ಈ ಮೂರು ತಮ್ಮ ಜಾಗದಲ್ಲಿ ಕೂರದಿದ್ದರೆ ಏನಾಗುತ್ತದೆಂದು ಮುಂದೆ ನೋಡೋಣ.

ಇಷ್ಟೆಲ್ಲ ಗೊತ್ತಾಗಲು ಮೊದಲ ದಾರಿ ತೋರಿಸಿದ್ದು ನಮ್ಮ ಕಡೆ ಮಾಣಕಿ, ಬೊಂಡಾಸ ಎಂದು ಕರೆಯುವ ಪ್ರಾಣಿಯ ಬಳಗ. ಅದರ ದೇಹದಲ್ಲಿ ಬರಿಗಣ್ಣಿಗೆ ಕಾಣುವಷ್ಟು ದಪ್ಪದ ನರತಂತು ಇದೆ. ಅದರೊಳಗೆ ತಂತಿ ತೂರಿಸಿ ವೋಲ್ಟೇಜು ಹಿಡಿದಿಟ್ಟು ಅಳೆದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ, ತೆರೆಯುವುದಕ್ಕೂ ಮುಚ್ಚುವುದಕ್ಕೂ ಬೇರೆ ಬೇರೆ ಲೆಕ್ಕ ಬೇಕೆಂದು 1952ರಲ್ಲೇ ಸಮೀಕರಣ ಬರೆದರು. ಆಗ ಚಾನೆಲ್ ಎಂಬ ಪ್ರೋಟೀನನ್ನು ಯಾರೂ ಕಂಡಿರಲಿಲ್ಲ.

ಹೃದಯದ ಎಲ್ಲ ಕಡೆಯೂ ಸೋಡಿಯಮ್ಮಿನದೇ ಕಾರುಬಾರು ಎಂದು ತಿಳಿಯಬೇಡಿ. ಬಡಿತ ಹುಟ್ಟುವ ಎಸ್‌ಎ ನೋಡ್, ಮೇಲಿನ ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್, ಇವೆರಡರ ಒಳಭಾಗದಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಕ್ಯಾಲ್ಸಿಯಂ. ಅದು ನಿಧಾನಿ, ಎವಿ ನೋಡಿನಲ್ಲಿ ವಿದ್ಯುತ್ತು ಸೆಕೆಂಡಿಗೆ ಸುಮಾರು 5 ಸೆಂಟಿಮೀಟರು ತೆವಳುತ್ತದೆ. ಅದನ್ನು ದಾಟಿ ಸೋಡಿಯಂ ಚಾನೆಲ್ ತುಂಬಿರುವ ಪರ್ಕಿಂಜೆ ತಂತುಗಳಿಗೆ ಇಳಿದರೆ ವೇಗ ಸೆಕೆಂಡಿಗೆ 2ರಿಂದ 4 ಮೀಟರು. ದೇವಿಮನೆ ಘಟ್ಟದ ತಿರುವು ಮುಗಿದು ಹೆದ್ದಾರಿ ಸಿಕ್ಕಿದ ಹಾಗೆ.

ತೆರೆಯದ ಬಾಗಿಲು

ಎಸ್‌ಸಿಎನ್5ಎ ಜೀನು ಇರುವುದು 3ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿ, 28 ತುಂಡುಗಳಾಗಿ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು. ಒಂದು ಪ್ರತಿ ಕೆಟ್ಟು ಪ್ರೋಟೀನು ಅರ್ಧದಲ್ಲೇ ತುಂಡಾದರೆ, ಇಲ್ಲವೇ ತಯಾರಾದರೂ ಪೊರೆಯ ತನಕ ಮುಟ್ಟದಿದ್ದರೆ, ಸೋಡಿಯಂ ಹರಿವು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ಮಿಗಿಲು ಶಕ್ತಿ ಇರುವುದಿಲ್ಲ.

ಇದರ ಹೆಚ್ಚು ಹೆಸರಾದ ರೂಪ ಬ್ರುಗಾಡಾ ಸಿಂಡ್ರೋಮ್. ಪೆದ್ರೊ ಮತ್ತು ಜೋಸೆಪ್ ಬ್ರುಗಾಡಾ ಎಂಬ ಅಣ್ಣತಮ್ಮಂದಿರು 1992ರಲ್ಲಿ 8 ರೋಗಿಗಳ ಇಸಿಜಿ ಮುಂದಿಟ್ಟು ಇದನ್ನು ವಿವರಿಸಿದರು. 1998ರಲ್ಲಿ ಎಸ್‌ಸಿಎನ್5ಎ ಜೊತೆಗಿನ ನಂಟು ತಿಳಿಯಿತು. ಹೃದಯದ ಆಕಾರ ಸರಿ, ರಕ್ತನಾಳ ಸರಿ, ಎಕೋ ಸರಿ. ಆದರೂ ರಾತ್ರಿ ನಿದ್ದೆಯಲ್ಲಿ ಹೃತ್ಕುಕ್ಷಿ ತಾಳ ತಪ್ಪಿ ನಡುಗುತ್ತದೆ. ಹೆಚ್ಚಾಗಿ ನಡುವಯಸ್ಸಿನ ಗಂಡಸರು. ಥಾಯ್ಲೆಂಡಿನಲ್ಲಿ ಲೈ ತಾಯ್, ಫಿಲಿಪ್ಪೀನ್ಸ್‌ನಲ್ಲಿ ಬಾಂಗುಂಗುಟ್ ಎಂದು ಹಳ್ಳಿಯ ಜನ ಬಹಳ ಕಾಲದಿಂದ ಕರೆಯುತ್ತಿದ್ದ ರಾತ್ರಿಯ ಸಾವುಗಳಲ್ಲಿ ಹಲವು ಇದೇ ಎಂದು ಆಮೇಲೆ ಗೊತ್ತಾಯಿತು.

ಇದನ್ನು ಹಿಡಿಯುವುದು ಇಸಿಜಿಯ ವಿ1, ವಿ2 ಎಂಬ, ಎದೆಗೆ ಅಂಟಿಸುವ ಎಲೆಕ್ಟ್ರೋಡುಗಳ ಗೆರೆಗಳಲ್ಲಿ. ಕ್ಯೂಆರ್‌ಎಸ್ ಮುಗಿದ ಮೇಲೆ ಗೆರೆ ತಳಕ್ಕೆ ಬರಬೇಕಾದದ್ದು ಕನಿಷ್ಠ 2 ಮಿಲಿಮೀಟರು ಎತ್ತರದಿಂದ ಕಮಾನಿನಂತೆ ಜಾರಿ, ಅದರ ಹಿಂದೆ ಬರುವ ಗುಡ್ಡದಂಥ ಟಿ ಅಲೆ ತಲೆಕೆಳಗಾಗುತ್ತದೆ. ಈ ಆಕಾರವೊಂದೇ ರೋಗನಿರ್ಣಯಕ್ಕೆ ಸಲ್ಲುವುದು. ಕುದುರೆಯ ಬೆನ್ನಿನ ತಡಿಯಂತೆ ನಡುವೆ ತಗ್ಗಿದ ಆಕಾರ ಕಂಡರೆ ಅನುಮಾನ ಮಾತ್ರ.

ಎಡವಟ್ಟು ಆಗುವುದು ಇಲ್ಲೇ. ವಿ1, ವಿ2ರ ಸರಿಯಾದ ಜಾಗ ಎದೆಮೂಳೆಯ ಬಲ ಎಡ ಅಂಚಿನಲ್ಲಿ ನಾಲ್ಕನೆಯ ಪಕ್ಕೆಲುಬಿನ ಸಂದು. ಕುತ್ತಿಗೆಯ ಗುಳಿಯಿಂದ ಬೆರಳು ಕೆಳಗೆ ಜಾರಿಸಿದರೆ ಎದೆಮೂಳೆಯ ಮೇಲೆ ಒಂದು ಅಡ್ಡ ಉಬ್ಬು ಸಿಗುತ್ತದೆ. ಅದರ ಪಕ್ಕದ್ದು ಎರಡನೆಯ ಪಕ್ಕೆಲುಬು, ಅದರ ಕೆಳಗಿನದು ಎರಡನೆಯ ಸಂದು. ಅಲ್ಲಿಂದ ಎರಡು ಸಂದು ಇಳಿಯಬೇಕು. ಅವಸರದಲ್ಲಿ ಅಂದಾಜಿಗೆ ಅಂಟಿಸಿದರೆ ಸಾಮಾನ್ಯವಾಗಿ ಮೇಲೆಯೇ ಕೂರುತ್ತದೆ, ಆಗ ಆರೋಗ್ಯವಂತರಲ್ಲೂ ವಿ1ರಲ್ಲಿ ಎರಡನೆಯ ಸಣ್ಣ ಕೋಡು ಕಂಡು ಗಾಬರಿ ಹುಟ್ಟಿಸುತ್ತದೆ. ಬ್ರುಗಾಡಾ ಅನುಮಾನ ಇದ್ದಾಗ ಮಾತ್ರ ಬೇಕೆಂದೇ ಎಲೆಕ್ಟ್ರೋಡನ್ನು ಮೂರನೆಯ, ಎರಡನೆಯ ಸಂದಿಗೆ ಏರಿಸಿ ಮತ್ತೆ ತೆಗೆಯುತ್ತಾರೆ. ತೊಂದರೆ ಇರುವ ಜಾಗ, ಬಲ ಹೃತ್ಕುಕ್ಷಿಯ ಹೊರದಾರಿ, ಅದರ ನೇರಕ್ಕೆ ಬರುವುದರಿಂದ ನಾಲ್ಕನೆಯ ಸಂದಿನಲ್ಲಿ ಅಡಗಿದ್ದು ಅಲ್ಲಿ ಕಾಣಬಹುದು. ಹೀಗೆ ತೆಗೆದಾಗ ‘ಎರಡನೆಯ ಸಂದು’ ಎಂದು ಪೆನ್ನಿನಲ್ಲಿ ಬರೆಯದಿದ್ದರೆ ಮುಂದಿನ ವೈದ್ಯರ ತಲೆ ಕೆಡುತ್ತದೆ.

ಆಕಾರ ದಿನವೂ ಒಂದೇ ಇರುವುದಿಲ್ಲ. ಇವತ್ತು ಇರುತ್ತದೆ, ನಾಳೆ ಇಲ್ಲ. ಅಡಗಿದ್ದನ್ನು ಹೊರಗೆಳೆಯಲು ಸೋಡಿಯಂ ಚಾನೆಲನ್ನು ಇನ್ನಷ್ಟು ಮುಚ್ಚುವ ಔಷಧವನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟು ನೋಡುವ ಪರೀಕ್ಷೆ ಇದೆ. ಫ್ಲೆಕೈನೈಡ್, ಪ್ರೊಕೈನಮೈಡ್, ಅಜ್ಮಲಿನ್ ಇದಕ್ಕೆ ಬಳಸುವವು. ಷಾಕ್ ಯಂತ್ರ ಕೈಯಳತೆಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ ಮಾಡತಕ್ಕದ್ದು. ಅಜ್ಮಲಿನ್ ಸಿಗುವುದು ನಮ್ಮ ಕಾಡಿನ ಸರ್ಪಗಂಧಿಯ ಬೇರಿನಲ್ಲಿ. ಸಲೀಮುಜ್ಜಮಾನ್ ಸಿದ್ದಿಕಿ 1931ರಲ್ಲಿ ಬೇರ್ಪಡಿಸಿ, ಹಕೀಂ ಅಜ್ಮಲ್ ಖಾನರ ಹೆಸರಿಟ್ಟರು. ಬ್ರುಗಾಡಾ ಇರುವವರು ಸರ್ಪಗಂಧಿ ಬೆರೆತ ಔಷಧ ತೆಗೆದುಕೊಳ್ಳುತ್ತಿದ್ದರೆ ಹೃದ್ರೋಗ ವೈದ್ಯರಿಗೆ ಹೇಳಲೇಬೇಕು.

ಔಷಧವಿಲ್ಲದೆಯೇ ಈ ಆಕಾರವನ್ನು ಹೊರಗೆಳೆಯುವ ಇನ್ನೊಂದು ಸಂಗತಿ ಜ್ವರ. ಮೈ ಬಿಸಿಯಾದಂತೆ ಚಾನೆಲಿನ ಬೆಣೆ ಬೇಗ ಕೂರುತ್ತದೆ. ದೋಷವುಳ್ಳ ಚಾನೆಲುಗಳಲ್ಲಿ ಕೆಲವು ಬಿಸಿಗೆ ಇನ್ನೂ ಹೆಚ್ಚು ಕೆಡುತ್ತವೆ. ಮಂಗನ ಕಾಯಿಲೆ, ಇಲಿಜ್ವರ, ಡೆಂಗಿ ಎಲ್ಲ ಇರುವ ನಮ್ಮ ಜಿಲ್ಲೆಗೆ ಇದು ಪುಸ್ತಕದ ಮಾತಲ್ಲ. ಬ್ರುಗಾಡಾ ಇರುವವರಿಗೆ ಜ್ವರ ಬಂದರೆ ಮೊದಲ ಕೆಲಸ ಜ್ವರ ಇಳಿಸುವುದು: ಪ್ಯಾರಾಸಿಟಮಾಲ್ ಆರು ಗಂಟೆಗೊಮ್ಮೆ, ವೈದ್ಯರು ಹೇಳಿದ ಅಳತೆಯಲ್ಲಿ, ದೊಡ್ಡವರಿಗಾದರೂ ದಿನಕ್ಕೆ 4 ಗ್ರಾಂ ದಾಟದಂತೆ. ಎರಡನೆಯದು, ಜ್ವರ ಇರುವಾಗಲೇ ಒಂದು ಇಸಿಜಿ. ಇಳಿದ ಮೇಲೆ ತೆಗೆಸಿದ ಇಸಿಜಿ ಚೆನ್ನಾಗಿ ಬಂದರೆ ಅದರಿಂದ ಸಮಾಧಾನ ಪಡುವಂತಿಲ್ಲ.

ಸೋಡಿಯಂ ಕೊರತೆಯ ಇನ್ನೊಂದು ಮುಖ ಸದ್ದಿಲ್ಲದ್ದು. ವರ್ಷ ಕಳೆದಂತೆ ಕ್ಯೂಆರ್‌ಎಸ್ ಸ್ವಲ್ಪ ಸ್ವಲ್ಪ ಅಗಲವಾಗುತ್ತ, ಕೊನೆಗೆ ಮೇಲಿನ ಕೋಣೆಯ ಸುದ್ದಿ ಕೆಳಗೆ ಮುಟ್ಟದೆ ಪೇಸ್‌ಮೇಕರ್ ಹಾಕಬೇಕಾಗುತ್ತದೆ. ಲೆನೇಗ್ರ ರೋಗ ಎಂದು ಹೆಸರು, ಎಸ್‌ಸಿಎನ್5ಎ ನಂಟು 1999ರಲ್ಲಿ ಗೊತ್ತಾಯಿತು. ಎಪ್ಪತ್ತು ದಾಟಿದವರಿಗೆ ಪೇಸ್‌ಮೇಕರ್ ಹಾಕಿದರೆ ಯಾರೂ ಜೀನಿನ ಬಗ್ಗೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮೂವತ್ತೈದರಲ್ಲಿ ಹಾಕಿದರೆ ಕೇಳಬೇಕು.

ಮುಚ್ಚದ ಬಾಗಿಲು

ಈಗ ಆ ಮೂರು ಅಮೈನೋ ಆಮ್ಲದ ಬೆಣೆಗೆ ಬರೋಣ. ಅದು ಪೂರ್ತಿ ಕೂರದಿದ್ದರೆ ಸೋಡಿಯಂ ತೊಟ್ಟಿಕ್ಕುತ್ತಲೇ ಇರುತ್ತದೆ. ಸೋರುವುದು ಮೊದಲ ನುಗ್ಗಿನ ನೂರರಲ್ಲಿ ಒಂದೆರಡು ಪಾಲು ಅಷ್ಟೇ. ಆದರೆ ಅದು ನೂರಾರು ಮಿಲಿಸೆಕೆಂಡು ಸೋರುವುದರಿಂದ ಕೋಶ ವಿಶ್ರಾಂತಿಗೆ ಮರಳುವುದು ತಡವಾಗುತ್ತದೆ. ಇಸಿಜಿಯಲ್ಲಿ ಕ್ಯೂಟಿ ಅಂತರ, ಅಂದರೆ ಕ್ಯೂಆರ್‌ಎಸ್ ಶುರುವಿನಿಂದ ಟಿ ಅಲೆಯ ಕೊನೆಯ ತನಕದ ಹೊತ್ತು, ಉದ್ದವಾಗುತ್ತದೆ. ಲಾಂಗ್ ಕ್ಯೂಟಿ 3 ಎಂದು ಇದಕ್ಕೆ ಹೆಸರು. 1995ರಲ್ಲಿ ಮೊದಲು ಸಿಕ್ಕ ದೋಷದಲ್ಲಿ ಬೆಣೆಯ ಪಕ್ಕದ ಮೂರು ಅಮೈನೋ ಆಮ್ಲಗಳು, 1505ರಿಂದ 1507, ಸರಪಳಿಯಿಂದಲೇ ಬಿಟ್ಟುಹೋಗಿದ್ದವು.

ಕ್ಯೂಟಿಯನ್ನು ಯಂತ್ರ ಮುದ್ರಿಸಿದ ಸಂಖ್ಯೆ ನೋಡಿ ಒಪ್ಪಿಕೊಳ್ಳುವ ಬದಲು ಕೈಯಲ್ಲೇ ಲೆಕ್ಕ ಹಾಕಬಹುದು. ಕ್ಯೂ ಶುರುವಾದಲ್ಲಿಂದ ಟಿ ಅಲೆ ತಳ ಮುಟ್ಟುವ ತನಕ 11 ಸಣ್ಣ ಚೌಕ ಇದ್ದರೆ 440 ಮಿಲಿಸೆಕೆಂಡು. ಎರಡು ಮುಳ್ಳುಗಳ ನಡುವೆ 20 ಚೌಕ ಇದ್ದರೆ 0.8 ಸೆಕೆಂಡು, ಅಂದರೆ ನಾಡಿ 75. ನಾಡಿಗೆ ತಕ್ಕಂತೆ ಸರಿಹೊಂದಿಸಲು 0.8ರ ವರ್ಗಮೂಲ ಬೇಕು, ಅದು 0.894. 440ನ್ನು ಅದರಿಂದ ಭಾಗಿಸಿದರೆ 492. ಗಂಡಸರಿಗೆ 450, ಹೆಂಗಸರಿಗೆ 460 ದಾಟಿದರೆ ಉದ್ದ ಎನ್ನುತ್ತೇವೆ. 500 ದಾಟಿದರೆ ಅಪಾಯ ಹೆಚ್ಚು. ನಾಡಿ ತೀರಾ ವೇಗ ಅಥವಾ ತೀರಾ ನಿಧಾನ ಇದ್ದರೆ ಈ ಸೂತ್ರ ಹಾದಿ ತಪ್ಪಿಸುತ್ತದೆ.

ಲಾಂಗ್ ಕ್ಯೂಟಿಯ ಬೇರೆ ಎರಡು ಮುಖ್ಯ ಬಗೆಗಳು ಪೊಟ್ಯಾಸಿಯಂ ಚಾನೆಲಿನವು. ಒಂದನೆಯ ಬಗೆಗೆ ಓಟ, ಅದರಲ್ಲೂ ಈಜು ಕಂಟಕ. ಎರಡನೆಯದಕ್ಕೆ ಅಲಾರಾಂ, ಫೋನಿನಂಥ ದಿಢೀರ್ ಸದ್ದು. ಸೋಡಿಯಮ್ಮಿನ ಮೂರನೆಯ ಬಗೆಗೆ ನಿದ್ದೆ, ವಿಶ್ರಾಂತಿ. ನಾಡಿ ನಿಧಾನವಾದಷ್ಟು ಸೋರಿಕೆಗೆ ಹೊತ್ತು ಸಿಗುತ್ತದೆ. ಸೋರಿಕೆಯನ್ನೇ ಹೆಚ್ಚಾಗಿ ತಡೆಯುವ ಮೆಕ್ಸಿಲೆಟಿನ್ ಎಂಬ ಮಾತ್ರೆ ಇದಕ್ಕೆ ಒಗ್ಗುತ್ತದೆ. ಗಮನಿಸಿ: ಇದು ಸೋಡಿಯಂ ಚಾನೆಲ್ ಮುಚ್ಚುವ ಔಷಧ. ಅದೇ ಗುಂಪಿನ ಫ್ಲೆಕೈನೈಡ್ ಬ್ರುಗಾಡಾ ಇರುವವರಿಗೆ ವಿಷ. ಜೀನು ಅದೇ, ಚಿಕಿತ್ಸೆ ತಿರುಗುಮುರುಗು.

ಎರಡೂ ಒಂದೇ ಮನೆಯಲ್ಲಿ ಇರಬಹುದು ಎಂದೆನಲ್ಲ, ಡಚ್ ಕುಟುಂಬವೊಂದರಲ್ಲಿ 1795ನೇ ಜಾಗದಲ್ಲಿ ಒಂದು ಅಮೈನೋ ಆಮ್ಲ ಹೆಚ್ಚಾಗಿ ಸೇರಿಕೊಂಡಿರುವುದು 1999ರಲ್ಲಿ ಗೊತ್ತಾಯಿತು. ಆ ಮನೆಯವರಲ್ಲಿ ಲಾಂಗ್ ಕ್ಯೂಟಿ, ಬ್ರುಗಾಡಾ ಎರಡರ ಚಹರೆಯೂ ಇತ್ತು. ಬೆಣೆ ಪೂರ್ತಿ ಕೂರದೆ ಸೋರುತ್ತದೆ, ಕೂತ ಮೇಲೆ ಬೇಗ ಬಿಡುವುದೂ ಇಲ್ಲ. ನಾಡಿ ನಿಧಾನ ಇದ್ದಾಗ ಮೊದಲ ದೋಷ ಎದ್ದು ಕಾಣುತ್ತದೆ, ವೇಗ ಇದ್ದಾಗ ಎರಡನೆಯದು.

ಫಿಟ್ಸ್ ಎಂಬ ತಪ್ಪು ಹೆಸರು

ಹೃತ್ಕುಕ್ಷಿ ನಡುಗಿದಾಗ ಮಿದುಳಿಗೆ ರಕ್ತ ನಿಂತು ಹತ್ತು ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಕೈಕಾಲು ಅದುರುತ್ತದೆ. ನೋಡಿದವರು ಫಿಟ್ಸ್ ಬಂತೆನ್ನುತ್ತಾರೆ. ತಾಳ ತಾನಾಗಿ ಮರಳಿದರೆ ಎದ್ದು ಕೂರುತ್ತಾರೆ, ಮೂರ್ಛೆರೋಗದ ಮಾತ್ರೆ ಶುರುವಾಗುತ್ತದೆ. ಫೆನಿಟಾಯಿನ್, ಕಾರ್ಬಮಜೆಪಿನ್ ಕೆಲಸ ಮಾಡುವುದು ಸೋಡಿಯಂ ಚಾನೆಲ್ ಮುಚ್ಚಿಯೇ. ಬ್ರುಗಾಡಾ ಇರುವವರಿಗೆ ಅವು ಒಳ್ಳೆಯದಲ್ಲ. ಯಾರಿಗೇ ಆಗಲಿ, ಮೊದಲ ಸಲ ಫಿಟ್ಸ್ ಎಂದು ಹೇಳಿದಾಗ ಮಿದುಳಿನ ವಿದ್ಯುತ್ತು ಅಳೆಯುವ ಇಇಜಿ ಜೊತೆ ಒಂದು ಇಸಿಜಿಯೂ ಆಗಬೇಕು. ಹೃದಯದ ಕಾರಣದಿಂದ ಬಿದ್ದವರು ಸಾಮಾನ್ಯವಾಗಿ ಎಚ್ಚರಾದ ಒಂದೆರಡು ನಿಮಿಷದಲ್ಲಿ ಸರಿಯಾಗಿ ಮಾತಾಡುತ್ತಾರೆ. ಮೂರ್ಛೆರೋಗದವರಿಗೆ ಮಂಪರು ಹೆಚ್ಚು ಹೊತ್ತು ಇರುತ್ತದೆ.

ಜೀನ್ ಪರೀಕ್ಷೆ: ಯಾರಿಂದ ಶುರು

ಬೇಕಾಗುವುದು ನೇರಳೆ ಮುಚ್ಚಳದ ಕೊಳವೆಯಲ್ಲಿ ಕೆಲವು ಮಿಲಿಲೀಟರು ರಕ್ತ, ಅಷ್ಟೇ. ಕಷ್ಟ ಇರುವುದು ವರದಿ ಓದುವುದರಲ್ಲಿ. ಮನೆಯಲ್ಲಿ ಯಾರಿಗೆ ರೋಗ ಸ್ಪಷ್ಟವಾಗಿ ಇದೆಯೋ ಅವರಿಂದ ಶುರು ಮಾಡಬೇಕು, ಹೆದರಿಕೊಂಡಿರುವ ತಮ್ಮನಿಂದಲ್ಲ. ರೋಗಿಯಲ್ಲಿ ಖಚಿತ ದೋಷ ಸಿಕ್ಕಿದರೆ ಮಾತ್ರ ಉಳಿದವರಲ್ಲಿ ಅದೊಂದನ್ನೇ ಹುಡುಕುವುದಕ್ಕೆ ಅರ್ಥ. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡು ಹೆಣ್ಣು ಭೇದ ಇಲ್ಲ.

ಬ್ರುಗಾಡಾ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಎಸ್‌ಸಿಎನ್5ಎ ದೋಷ ಸಿಗುತ್ತದೆ. ಜೀನಿನ ವರದಿ ಚೊಕ್ಕ ಬಂದ ಮಾತ್ರಕ್ಕೆ ಬ್ರುಗಾಡಾ ಇಲ್ಲ ಎನ್ನಲಾಗದು. ಒಂದು ಕಾಲದಲ್ಲಿ ಬ್ರುಗಾಡಾಗೆ 21 ಜೀನುಗಳ ಪಟ್ಟಿ ಇತ್ತು. 2018ರಲ್ಲಿ ತಜ್ಞರು ಸಾಕ್ಷ್ಯ ಜಾಲಾಡಿದಾಗ ಗಟ್ಟಿಯಾಗಿ ಉಳಿದದ್ದು ಎಸ್‌ಸಿಎನ್5ಎ ಒಂದೇ. ಹಳೆಯ ವರದಿ ಇಟ್ಟುಕೊಂಡು ಕೊರಗುತ್ತಿರುವವರು ಅದನ್ನು ಮತ್ತೊಮ್ಮೆ ಓದಿಸಿಕೊಳ್ಳಿ. ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದು ಬರೆದಿದ್ದರೆ ಅದನ್ನು ರೋಗ ಎಂದು ಓದಬಾರದು, ಅದರ ಮೇಲೆ ಮದುವೆ ಮಾತುಕತೆ ಮುರಿಯಲೂ ಬಾರದು.

ಸಭಿಕರ ಪ್ರಶ್ನೆಗಳು

ಉಪ್ಪು ಕಡಿಮೆ ತಿಂದರೆ ಈ ಚಾನೆಲುಗಳು ಸರಿಹೋಗುತ್ತವೆಯೇ ಎಂದು ಒಬ್ಬರು ಕೇಳಿದರು. ಇಲ್ಲ. ಸಾಣಿಕಟ್ಟೆಯ ಉಪ್ಪು ಎಷ್ಟೇ ತಿಂದರೂ ಮೂತ್ರಪಿಂಡ ರಕ್ತದ ಸೋಡಿಯಮ್ಮನ್ನು 135ರಿಂದ 145ರೊಳಗೇ ಹಿಡಿದಿಡುತ್ತದೆ. ಉಪ್ಪು ಕಡಿಮೆ ಮಾಡಬೇಕಾದದ್ದು ಬಿಪಿಗಾಗಿ.

ಬಲೆಗೆ ಸಿಕ್ಕಿದೊಡನೆ ಹೊಟ್ಟೆ ಊದಿಸಿ ಚೆಂಡಾಗುವ ಮೀನಿನ ವಿಷವೂ ಸೋಡಿಯಂ ಚಾನೆಲ್ ಮುಚ್ಚುತ್ತದಂತೆ, ಹೌದೇ? ಹೌದು, ಟೆಟ್ರೊಡೊಟಾಕ್ಸಿನ್ ನರಗಳ ಚಾನೆಲನ್ನು ಗಟ್ಟಿಯಾಗಿ ಮುಚ್ಚುತ್ತದೆ. ಹೃದಯದ ಚಾನೆಲಿನ ಬಾಯಲ್ಲಿ ಒಂದು ಅಮೈನೋ ಆಮ್ಲ ಬೇರೆ ಇರುವುದರಿಂದ ಅದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಸಾವು ಬರುವುದು ಉಸಿರಾಟದ ಸ್ನಾಯು ಸೋತು. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ವತ್ಸನಾಭಿಯದು ಇದಕ್ಕೆ ವಿರುದ್ಧ, ಅದು ಚಾನೆಲನ್ನು ತೆರೆದೇ ಇಡುತ್ತದೆ, ಹೃದಯದ್ದನ್ನೂ. ಶುದ್ಧಿ ಮಾಡದ ಬೇರು ಜೀವಕ್ಕೆ ಕುತ್ತು.

ಗಂಡನಿಗೆ ಬ್ರುಗಾಡಾ ಇದೆ, ರಾತ್ರಿ ಏನು ಗಮನಿಸಬೇಕು ಎಂದು ಒಬ್ಬ ತಾಯಿ ಕೇಳಿದರು. ನಿದ್ದೆಯಲ್ಲಿ ಗೊರಗೊರ ಎಂದು ಏದುಸಿರು, ಅಲುಗಾಡಿಸಿದರೂ ಎಚ್ಚರವಿಲ್ಲ ಎಂದಾದರೆ ಅದನ್ನು ಗೊರಕೆ ಎನ್ನಬೇಡಿ. 108ಕ್ಕೆ ಒಬ್ಬರು ಫೋನ್ ಮಾಡುತ್ತಿದ್ದಂತೆ ಇನ್ನೊಬ್ಬರು ಅವರನ್ನು ಮಂಚದಿಂದ ನೆಲಕ್ಕೆ ಇಳಿಸಿ, ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆಯೇ ತಗ್ಗುತ್ತದೆ. ಎದೆಮೂಳೆಯ ಕೆಳ ಅರ್ಧದ ಮೇಲೆ 5ರಿಂದ 6 ಸೆಂಟಿಮೀಟರು ಆಳ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಿ. ಇಂಥ ಒಂದು ಗಂಡಾಂತರದಿಂದ ಪಾರಾದವರಿಗೆ ಎದೆಯೊಳಗೇ ಷಾಕ್ ಕೊಡುವ ಐಸಿಡಿ ಯಂತ್ರ ಕೂರಿಸುತ್ತಾರೆ.

ಕೊನೆಯ ಪ್ರಶ್ನೆ, ಹಳೆಯ ಇಸಿಜಿ ಎಷ್ಟು ವರ್ಷ ಇಡಬೇಕು? ಬಿಸಾಡಲೇಬೇಡಿ, ಅದರಲ್ಲೂ ಜ್ವರದಲ್ಲಿ ತೆಗೆದದ್ದನ್ನು. ಆದರೆ ಆ ಕಾಗದ ಬಿಸಿಗೆ ಅಚ್ಚಾಗುವ ಥರ್ಮಲ್ ಕಾಗದ, ಕೆಲವು ವರ್ಷಗಳಲ್ಲಿ ಗೆರೆ ಮಾಸುತ್ತದೆ. ಜೋಪಾನ ಮಾಡುತ್ತೇನೆಂದು ಲ್ಯಾಮಿನೇಶನ್‌ಗೆ ಕೊಟ್ಟರೆ ಯಂತ್ರದ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ತೆಗೆಸಿದ ದಿನವೇ ಝೆರಾಕ್ಸ್ ಮಾಡಿಸಿ, ಚೌಕಗಳು ಕಾಣುವಂತೆ ನೇರವಾಗಿ ಮೊಬೈಲಿನಲ್ಲಿ ಫೋಟೋ ಹಿಡಿದು, ಅಂಚಿನಲ್ಲಿ ಮೂರು ವಿಷಯ ಬರೆದಿಡಿ: ತಾರೀಖು, ಆಗ ಎಷ್ಟು ಜ್ವರ ಇತ್ತು, ಯಾವ ಮಾತ್ರೆ ನಡೆಯುತ್ತಿತ್ತು.